‘ಡೈಲ್ಯೂಷನ್’ ಎಂದರೆ ಬರೀ ನೀರು ಹಾಕುವುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿಯಲ್ಲಿ ಗೊಬ್ಬರ ಮತ್ತು ಔಷಧಿಯ ಸಣ್ಣ ಅಂಗಡಿ ನನ್ನದು. ಮೇ ತಿಂಗಳ ಕೊನೆಯ ವಾರ ಮೈಲುತುತ್ತ (ತಾಮ್ರದ ಸಲ್ಫೇಟ್) ಕೊಳ್ಳಲು ಬರುವವರು ಚೀಲದ ಜೊತೆ ಒಂದು ಪ್ರಶ್ನೆಯನ್ನೂ ತಂದಿರುತ್ತಾರೆ. ಡಬ್ಬಿಯ ಮೇಲೆ ‘ಡೈಲ್ಯೂಟ್ ಮಾಡಿ ಬಳಸಿ’ ಎಂದಿದೆಯಲ್ಲ, ಹಾಗೆಂದರೆ ಎಷ್ಟು ನೀರು? ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದು ಊರಿಗೆಲ್ಲ ಗೊತ್ತಿರುವುದರಿಂದ ಶಾಲೆಯ ಮಕ್ಕಳೂ ಪುಸ್ತಕ ಹಿಡಿದು ಬರುತ್ತಾರೆ. ಪತ್ರಿಕೆಗಳಿಗೆ ಅನುವಾದ ಮಾಡುವ ಗೆಳೆಯನೊಬ್ಬ ಇದೇ ಪದಕ್ಕಾಗಿ ಫೋನ್ ಮಾಡುತ್ತಾನೆ. ಒಂದೇ ಮಾತನ್ನು ಹತ್ತು ಸಲ ಹೇಳುವ ಬದಲು ಬರೆದಿಡೋಣ ಎನಿಸಿತು.

ಡೈಲ್ಯೂಷನ್ ಎಂದರೆ ನಿಜವಾಗಿ ಏನು?

ಒಂದು ದ್ರವಕ್ಕೆ ಇನ್ನಷ್ಟು ನೀರನ್ನೋ ಬೇರೆ ತೆಳು ದ್ರವವನ್ನೋ ಸೇರಿಸಿ, ಅದರೊಳಗಿನ ಪದಾರ್ಥ ಹೆಚ್ಚು ಜಾಗಕ್ಕೆ ಹರಡಿಕೊಳ್ಳುವಂತೆ ಮಾಡುವುದು. ಪದಾರ್ಥ ಕಡಿಮೆಯಾಗುವುದಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಒಂದು ಲೋಟ ಪಾನಕದಲ್ಲಿ ಎರಡು ಚಮಚ ಬೆಲ್ಲವಿದ್ದರೆ, ಅದನ್ನು ಕೊಡಕ್ಕೆ ಸುರಿದು ಕಂಠದವರೆಗೆ ನೀರು ತುಂಬಿದರೂ ಒಳಗಿರುವುದು ಅದೇ ಎರಡು ಚಮಚ ಬೆಲ್ಲ. ಇಳಿಯುವುದು ಒಂದೊಂದು ಗುಟುಕಿಗೆ ಸಿಗುವ ಪಾಲು ಮಾತ್ರ.

ಈ ಪದ ಇಂಗ್ಲಿಷಿಗೆ ಬಂದದ್ದು ಲ್ಯಾಟಿನ್ ಭಾಷೆಯಿಂದ. ಅಲ್ಲಿ ಮೂಲ ಧಾತುವಿಗೆ ‘ತೊಳೆದುಹೋಗುವಂತೆ ಮಾಡು’ ಎಂಬ ಅರ್ಥವಿದೆ. ನಮ್ಮವರು ‘ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ’ ಎನ್ನುತ್ತಾರಲ್ಲ, ಅದಕ್ಕಿಂತ ದೊಡ್ಡ ಡೈಲ್ಯೂಷನ್ ಯಾವ ಪ್ರಯೋಗಾಲಯದಲ್ಲೂ ನಡೆದಿರಲಾರದು. ಹುಳಿ ಎಲ್ಲಿಗೂ ಹೋಗಿಲ್ಲ, ಹೊಳೆಯಲ್ಲೇ ಇದೆ. ನಾಲಿಗೆಗೆ ಸಿಗುವುದಿಲ್ಲ, ಅಷ್ಟೇ.

ಕನ್ನಡದಲ್ಲಿ ಇದಕ್ಕೆ ಒಂದೇ ಒಂದು ಪದ ಇಲ್ಲವೇ?

ಇಲ್ಲ. ಅದು ಕೊರತೆ ಎಂದು ನನಗೆ ಅನ್ನಿಸುವುದಿಲ್ಲ. ಯಾವುದನ್ನು, ಯಾವ ಉದ್ದೇಶಕ್ಕೆ ತೆಳು ಮಾಡುತ್ತಿದ್ದೇವೆ ಎಂಬುದಕ್ಕೆ ತಕ್ಕಂತೆ ಕನ್ನಡ ಮಾತು ಬದಲಿಸುತ್ತದೆ. ಹಿಟ್ಟನ್ನು ತೆಳ್ಳಗೆ ಮಾಡುತ್ತೇವೆ. ಬಣ್ಣವನ್ನು ತಿಳಿ ಮಾಡುತ್ತೇವೆ. ಮಜ್ಜಿಗೆಯನ್ನು ನೀರು ಮಾಡಿ ಕುಡಿಯುತ್ತೇವೆ. ಔಷಧಿಯನ್ನು ನೀರಿಗೆ ಬೆರೆಸುತ್ತೇವೆ. ಸಾರು ನೀರುನೀರಾಯಿತು ಎಂದು ಮುಖ ಸಿಂಡರಿಸುತ್ತೇವೆ. ಷರತ್ತನ್ನು ಸಡಿಲಿಸುತ್ತಾರೆ, ಕಾಯ್ದೆಯನ್ನು ದುರ್ಬಲಗೊಳಿಸುತ್ತಾರೆ, ಮಾತಿನ ಬಿಸಿಯನ್ನು ತಗ್ಗಿಸುತ್ತಾರೆ.

ಇಂಗ್ಲಿಷಿನ ಒಂದು ಪದ ಇಷ್ಟೂ ಕಡೆ ಓಡಾಡುತ್ತದೆ. ಅನುವಾದ ಮಾಡುವವರು ನಿಘಂಟಿನ ಮೊದಲ ಅರ್ಥ ಹಿಡಿದುಕೊಂಡು ಎಲ್ಲ ಕಡೆಗೂ ‘ದುರ್ಬಲಗೊಳಿಸಿ’ ಎಂದು ಬರೆದುಬಿಡುತ್ತಾರೆ. ಒಮ್ಮೆ ಒಂದು ಕೀಟನಾಶಕದ ಕರಪತ್ರದಲ್ಲಿ ‘ಔಷಧಿಯನ್ನು ದುರ್ಬಲಗೊಳಿಸಿ ಸಿಂಪಡಿಸಿ’ ಎಂದಿತ್ತು. ಓದಿದ ರೈತರೊಬ್ಬರು ನನ್ನನ್ನೇ ಗದರಿದರು: ‘ಅಲ್ಲ ಮಾರಾಯರೇ, ದುರ್ಬಲ ಮಾಡಿ ಹೊಡೆಯುವುದಾದರೆ ಇಷ್ಟು ದುಡ್ಡು ಕೊಟ್ಟು ಕೊಳ್ಳುವುದು ಯಾಕೆ?’ ಅವರದ್ದು ನ್ಯಾಯವಾದ ಪ್ರಶ್ನೆ. ಅಲ್ಲಿ ಬೇಕಿದ್ದ ಮಾತು ‘ಹೇಳಿದಷ್ಟು ನೀರಿಗೆ ಬೆರೆಸಿ’.

ಇನ್ನೊಂದು ಸೂಕ್ಷ್ಮವಿದೆ. ‘ಹಾಲಿಗೆ ನೀರು ಹಾಕಿದ್ದಾರೆ’ ಎಂದರೆ ಅದು ವರದಿಯಲ್ಲ, ಆರೋಪ. ‘ಮಜ್ಜಿಗೆಗೆ ನೀರು ಹಾಕಿದ್ದಾರೆ’ ಎಂದರೆ ಉಪಚಾರ.

ಶಾಲೆಯ ಪುಸ್ತಕದಲ್ಲಿ ‘ಸಾರರಿಕ್ತ ಆಮ್ಲ’ ಎಂದಿದೆ. ಅದು ‘ದುರ್ಬಲ ಆಮ್ಲ’ವೇ?

ಅಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ. ಸಾರರಿಕ್ತ ಎಂದರೆ ನೀರು ಹೆಚ್ಚಿರುವ, ಆಮ್ಲದ ಪಾಲು ಕಡಿಮೆ ಇರುವ ದ್ರಾವಣ. ಅದರ ಎದುರು ಪದ ಸಾರೀಕೃತ. ದುರ್ಬಲ ಎಂಬುದು ಆಮ್ಲದ ಹುಟ್ಟುಗುಣ: ನೀರಿನಲ್ಲಿ ಅದರ ಅಣುಗಳಲ್ಲಿ ಕೆಲವು ಮಾತ್ರ ಒಡೆದು ಅಯಾನುಗಳಾಗುತ್ತವೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನು ಎಷ್ಟು ಸಾರೀಕರಿಸಿದರೂ ಅದು ದುರ್ಬಲ ಆಮ್ಲವೇ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಂಡೆಗಟ್ಟಲೆ ನೀರು ಹಾಕಿದರೂ ಅದು ಪ್ರಬಲ ಆಮ್ಲವೇ, ಸಾರರಿಕ್ತವಾಗಿರುತ್ತದೆ ಅಷ್ಟೇ.

‘ಸಾರರಿಕ್ತ’ ಎಂಬ ಪದದ ಮೇಲೆ ನನಗೆ ಸ್ವಲ್ಪ ಅಸಮಾಧಾನವಿದೆ. ರಿಕ್ತ ಎಂದರೆ ಬರಿದು. ಸಾರ ಬರಿದಾಗಿಲ್ಲ, ಹರಡಿಕೊಂಡಿದೆ. ಆದರೆ ಮಕ್ಕಳು ಕಲಿತಾಗಿದೆ. ಈಗ ಬದಲಿಸಲು ಹೊರಟರೆ ಗೊಂದಲ ಹೆಚ್ಚುತ್ತದೆ.

ಕರಗಿಸುವುದು, ಬೆರೆಸುವುದು, ತೆಳು ಮಾಡುವುದು ಒಂದೇ ಅಲ್ಲವೇ?

ಮೈಲುತುತ್ತದ ಹರಳು ನೀರಿನಲ್ಲಿ ಮಾಯವಾದರೆ ಕರಗಿತು. ಆ ನೀಲಿ ನೀರಿಗೆ ಮತ್ತೆ ನೀರು ಸೇರಿಸಿದರೆ ತೆಳುವಾಯಿತು. ಜೇನುತುಪ್ಪಕ್ಕೆ ಸಕ್ಕರೆ ಪಾಕ ಸೇರಿಸಿ ಜೇನೆಂದೇ ಮಾರಿದರೆ ಅದು ಕಲಬೆರಕೆ.

‘ಒಂದಕ್ಕೆ ಹತ್ತು’ ಎಂದರೆ ಹತ್ತು ಪಾಲು ನೀರೇ, ಒಂಬತ್ತು ಪಾಲೇ?

ಇಂಗ್ಲಿಷಿನವರೂ ಒದ್ದಾಡುವ ಪ್ರಶ್ನೆ ಇದು. 1:10 ಎಂದು ಬರೆದಿದ್ದರೆ ಕೆಲವರು ಒಂದು ಪಾಲು ಔಷಧಿಗೆ ಹತ್ತು ಪಾಲು ನೀರು ಎಂದು ಓದುತ್ತಾರೆ. ಆಗ ಒಟ್ಟು ಹನ್ನೊಂದು ಪಾಲಾಗುತ್ತದೆ. ಪ್ರಯೋಗಾಲಯದವರು ಬಹಳ ಸಲ ಒಟ್ಟು ಹತ್ತು ಪಾಲಿನಲ್ಲಿ ಒಂದು ಪಾಲು ಎಂದು ಓದುತ್ತಾರೆ. ಆಗ ನೀರು ಒಂಬತ್ತೇ ಪಾಲು.

ಕನ್ನಡಕ್ಕೆ ಈ ತೊಂದರೆ ಇರಬೇಕಾಗಿಲ್ಲ, ವಿಭಕ್ತಿ ಪ್ರತ್ಯಯಗಳೇ ಕೆಲಸ ಮಾಡುತ್ತವೆ. ‘ಒಂದಕ್ಕೆ ಹತ್ತು’ ಎಂದರೆ ಒಂದರ ಜೊತೆಗೆ ಹತ್ತು, ಒಟ್ಟು ಹನ್ನೊಂದು. ‘ಹತ್ತರಲ್ಲಿ ಒಂದು’ ಎಂದರೆ ಒಟ್ಟು ಹತ್ತು. ನಾನು ಚೀಟಿ ಬರೆದುಕೊಡುವಾಗ ಚುಕ್ಕೆ ಇಟ್ಟ ಅನುಪಾತ ಬರೆಯುವುದೇ ಇಲ್ಲ. ‘ಮೊದಲು ಔಷಧಿ ಹಾಕಿ, ಒಟ್ಟು ಹತ್ತು ಲೀಟರ್ ಆಗುವವರೆಗೆ ನೀರು ತುಂಬಿ’ ಎಂದು ಉದ್ದಕ್ಕೆ ಬರೆಯುತ್ತೇನೆ. ಚೀಟಿ ದೊಡ್ಡದಾಗುತ್ತದೆ, ಫೋನ್ ಕರೆ ಕಡಿಮೆಯಾಗುತ್ತದೆ.

ಎಷ್ಟು ನೀರು ಸೇರಿಸಬೇಕೆಂದು ಲೆಕ್ಕ ಹಾಕುವುದು ಹೇಗೆ?

ಪದಾರ್ಥ ಬದಲಾಗುವುದಿಲ್ಲ ಎಂದು ಮೊದಲೇ ಹೇಳಿದೆನಲ್ಲ, ಲೆಕ್ಕವೂ ಅದರ ಮೇಲೆಯೇ ನಿಂತಿದೆ. ಮೊದಲಿನ ಸಾರತೆಯನ್ನು (ದ್ರಾವಣದಲ್ಲಿ ಪದಾರ್ಥದ ಪಾಲು ಎಷ್ಟು ಎಂಬುದನ್ನು) ಮೊದಲಿನ ಅಳತೆಯಿಂದ ಗುಣಿಸಿದರೆ ಬರುವ ಸಂಖ್ಯೆಯೇ, ನಂತರದ ಸಾರತೆಯನ್ನು ನಂತರದ ಅಳತೆಯಿಂದ ಗುಣಿಸಿದಾಗಲೂ ಬರಬೇಕು. 5% ಇರುವ ಬ್ಲೀಚ್ ದ್ರಾವಣ 100 ಮಿಲಿಲೀಟರ್ ಇದೆ, ಅದನ್ನು 0.5% ಮಾಡಬೇಕು. 5ನ್ನು 100ರಿಂದ ಗುಣಿಸಿ 0.5ರಿಂದ ಭಾಗಿಸಿದರೆ 1000. ಅದು ಒಟ್ಟು ಅಳತೆ. ಸೇರಿಸಬೇಕಾದ ನೀರು 900 ಮಿಲಿಲೀಟರ್. ಸಾವಿರವನ್ನೇ ಸುರಿಯುವವರು ಬಹಳ.

ಕೊಳೆರೋಗ ತಡೆಯಲು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ 1% ಎನ್ನುತ್ತಾರೆ. ಸ್ವಲ್ಪ ನೀರು ಹೆಚ್ಚಾದರೆ ಏನಾಗುತ್ತದೆ?

ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಶೇಕಡಾ ಒಂದು ಎಂದರೆ ಮೈಲುತುತ್ತದ ಲೆಕ್ಕ. ಮಲೆನಾಡಿನಲ್ಲಿ ಇದು ಎಲ್ಲರಿಗೂ ಬಾಯಿಪಾಠ. ಆದರೂ ಪ್ರತಿ ಮಳೆಗಾಲ ಎಲ್ಲಾದರೂ ಒಂದು ಕಡೆ ತಪ್ಪುತ್ತದೆ.

ತೋಟದ ಅಂಚಿನಲ್ಲಿ ಕೆಲಸ ಹೀಗೆ ನಡೆಯಬೇಕು. ಎರಡು ಪ್ಲಾಸ್ಟಿಕ್ ಡ್ರಮ್ಮು, ಒಂದೊಂದರಲ್ಲಿ ಐವತ್ತು ಲೀಟರ್ ನೀರಿನ ಲೆಕ್ಕ. ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನ ಮೇಲ್ಭಾಗದಲ್ಲೇ ಮುಳುಗುವಂತೆ ತೂಗುಬಿಟ್ಟರೆ, ನೀಲಿ ಎಳೆಎಳೆಯಾಗಿ ಕೆಳಗಿಳಿಯುವುದನ್ನು ಕಣ್ಣಲ್ಲೇ ನೋಡಬಹುದು. ಕಬ್ಬಿಣದ ಪಾತ್ರೆ ಕೂಡದು, ತಾಮ್ರ ಅದಕ್ಕೇ ಹತ್ತಿಕೊಳ್ಳುತ್ತದೆ. ಇನ್ನೊಂದರಲ್ಲಿ ಸುಟ್ಟ ಸುಣ್ಣವನ್ನು ಮೊದಲು ಸ್ವಲ್ಪ ನೀರಿನಲ್ಲಿ ಅರಳಿಸಿ, ತಣಿದ ಮೇಲೆ ಉಳಿದ ನೀರು ಸೇರಿಸಿ ಸೋಸಬೇಕು. ಆಮೇಲೆ ನೀಲಿಯನ್ನು ಬಿಳಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ಕಲಕಬೇಕು. ಬಿಳಿಯನ್ನು ನೀಲಿಗೆ ಸುರಿಯಬಾರದು. ಆಕಾಶನೀಲಿ ಬಣ್ಣ ಬಂದ ಮೇಲೆ, ಉಜ್ಜಿ ಹೊಳಪು ತಂದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದು ಎತ್ತಿ ನೋಡಬೇಕು. ಅಲಗಿನ ಮೇಲೆ ಕೆಂಪು-ಕಂದು ಲೇಪ ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ. ಸುಣ್ಣದ ತಿಳಿ ಇನ್ನಷ್ಟು ಸೇರಿಸಬೇಕು, ಇಲ್ಲದಿದ್ದರೆ ಎಳೆ ಕಾಯಿ ಸುಟ್ಟುಹೋಗುತ್ತದೆ.

ನೀರು ಹೆಚ್ಚಾಗುವುದು ಸಾಮಾನ್ಯವಾಗಿ ಈ ಹಂತ ಮುಗಿದ ಮೇಲೆ. ನಾಜಲ್ ಕಟ್ಟಿಕೊಳ್ಳುತ್ತದೆ ಎಂದು ಮರ ಹತ್ತಿದ ಕೊನೆಗೌಡ ಮೇಲಿನಿಂದ ಕೂಗುತ್ತಾನೆ, ಕೆಳಗಿದ್ದವರು ಎರಡು ಕೊಡ ನೀರು ಸುರಿಯುತ್ತಾರೆ. ನೂರು ಲೀಟರ್ ನೂರಿಪ್ಪತ್ತಾದರೆ 1% ಎಂಬುದು ಸುಮಾರು 0.83% ಆಗುತ್ತದೆ. ನಾಜಲ್ ಕಟ್ಟಿದ್ದಕ್ಕೆ ಕಾರಣ ಗಟ್ಟಿತನವಲ್ಲ, ಸುಣ್ಣ ಸೋಸದೆ ಇದ್ದದ್ದು. ನನ್ನ ತೋಟದಲ್ಲೇ ಒಂದು ವರ್ಷ ಹೀಗಾಯಿತು. ಕೊಳೆ ಬಂದದ್ದು ಅದರಿಂದಲೇ ಎಂದು ಆಣೆ ಮಾಡಿ ಹೇಳಲಾರೆ, ಆ ವರ್ಷದ ಮಳೆಯೂ ಹಾಗೇ ಹಿಡಿದಿತ್ತು. ಆದರೆ ಅಂದಿನಿಂದ ಸುಣ್ಣ ಸೋಸುವ ಬಟ್ಟೆಯನ್ನು ನಾನೇ ಹಿಡಿದುಕೊಂಡು ನಿಲ್ಲುತ್ತೇನೆ.

ಈ ಮಿಶ್ರಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಅಲ್ಲಿನವರು ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬರದಿದ್ದುದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಪ್ರಕಟಿಸಿದರು. ಅಡಿಕೆಗೆ ಅದನ್ನು ತಂದುಕೊಟ್ಟವರಲ್ಲಿ ಮುಖ್ಯರು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಅವರು ಕೊಳೆರೋಗದ ಮೇಲೆ ಬರೆದ ಇಂಗ್ಲಿಷ್ ವರದಿಯಲ್ಲಿ ರೋಗದ ಹೆಸರನ್ನು ‘ಕೊಳೆರೋಗ’ ಎಂದೇ ಉಳಿಸಿಕೊಂಡರು. ನಮಗೆ ಅವರಿಂದ ‘ಡೈಲ್ಯೂಷನ್’ ಬಂದರೆ, ಅವರಿಗೆ ನಮ್ಮಿಂದ ‘ಕೊಳೆರೋಗ’ ಹೋಯಿತು. ಕೊಟ್ಟಿದ್ದು ಅಷ್ಟೇನೂ ಒಳ್ಳೆಯ ಪದವಲ್ಲ, ಇರಲಿ.

ಬೆರೆಸಿದ್ದನ್ನು ಅದೇ ದಿನ ಮುಗಿಸಬೇಕು. ಮಾರನೆಯ ದಿನಕ್ಕೆ ಅದು ತಳ ಸೇರಿರುತ್ತದೆ; ಕಲಕಿದರೂ ಮೊದಲಿನಂತೆ ಎಲೆಗೆ, ಕಾಯಿಗೆ ಹಿಡಿಯುವುದಿಲ್ಲ.

ಲೀಟರಿಗೆ ಇಷ್ಟು ಎಂದು ಒಂದು ಡಬ್ಬಿಯಲ್ಲಿ, ಎಕರೆಗೆ ಇಷ್ಟು ಎಂದು ಇನ್ನೊಂದರಲ್ಲಿ ಇರುತ್ತದೆ. ಯಾಕೆ?

ಎರಡೂ ಬೇರೆ ಲೆಕ್ಕ. ಲೀಟರಿಗೆ 2 ಮಿಲಿಲೀಟರ್ ಎಂದಿದ್ದರೆ 16 ಲೀಟರಿನ ಬೆನ್ನಿನ ಕ್ಯಾನಿಗೆ 32 ಮಿಲಿಲೀಟರ್. ಅಲ್ಲಿ ನೀರು ಹೆಚ್ಚಿದರೆ ಔಷಧಿಯೂ ಹೆಚ್ಚಬೇಕು. ಎಕರೆಗೆ ಇಷ್ಟು ಎಂದಿದ್ದರೆ ಆ ಔಷಧಿ ಅಷ್ಟು ನೆಲಕ್ಕೆ ಬಿದ್ದರಾಯಿತು. ನೀರು ಅದನ್ನು ಹೊತ್ತೊಯ್ಯುವ ಗಾಡಿ ಮಾತ್ರ. ಕಳೆನಾಶಕದಲ್ಲಿ ಈ ಎರಡನ್ನು ಕಲಸಿಕೊಂಡರೆ ಒಂದೋ ಕಳೆ ಸಾಯುವುದಿಲ್ಲ, ಇಲ್ಲವೋ ಬೆಳೆಯೂ ಉಳಿಯುವುದಿಲ್ಲ.

ಡೈರಿಯಲ್ಲಿ ಹಾಲಿಗೆ ನೀರು ಹಾಕಿದ್ದು ಹೇಗೆ ಗೊತ್ತಾಗುತ್ತದೆ?

ಹಾಲು ನೀರಿಗಿಂತ ತುಸು ಭಾರ. ಲ್ಯಾಕ್ಟೋಮೀಟರ್ ಎಂಬ ಗಾಜಿನ ಬುರುಡೆ ಹಾಲಿನಲ್ಲಿ ಎಷ್ಟು ತೇಲುತ್ತದೆ ಎಂಬುದು ಆ ಭಾರವನ್ನು ಹೇಳುತ್ತದೆ. ಒಳ್ಳೆಯ ಹಾಲಿನಲ್ಲಿ 30ರ ಆಸುಪಾಸು ನಿಲ್ಲುವ ಗೆರೆ, ಹತ್ತನೇ ಒಂದು ಪಾಲು ನೀರಾದರೆ 27ಕ್ಕೆ ಇಳಿಯುತ್ತದೆ. ಬೆಳಗಿನ ಆರೂವರೆಗೆ, ಕ್ಯಾನಿನ ಮುಚ್ಚಳ ತೆಗೆದ ಹಬೆಯ ನಡುವೆ, ಆ ಗೆರೆಗೆ ಕಣ್ಣು ತಾಗಿಸಿ ಬಗ್ಗುವ ಹುಡುಗನ ಮುಖವನ್ನೇ ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುತ್ತಾರೆ.

ಆದರೆ ಲ್ಯಾಕ್ಟೋಮೀಟರನ್ನು ಮಾತ್ರ ನಂಬಿ ಕೂರುವಂತಿಲ್ಲ. ಕೊಬ್ಬು ಹಗುರ. ಕೆನೆ ತೆಗೆದರೆ ಉಳಿದ ಹಾಲು ಭಾರವಾಗಿ ಗೆರೆ ಮೇಲೇರುತ್ತದೆ. ಅದಕ್ಕೆ ನೀರು ಹಾಕಿದರೆ ಗೆರೆ ಮತ್ತೆ ಸರಿಯಾದ ಜಾಗಕ್ಕೆ ಬಂದು ಕೂರುತ್ತದೆ. ಎರಡು ಮೋಸ ಸೇರಿ ಒಂದು ಪ್ರಾಮಾಣಿಕ ಅಂಕಿ! ಅದಕ್ಕಾಗಿಯೇ ಕೊಬ್ಬನ್ನು ಬೇರೆಯಾಗಿ ಅಳೆದು, ಕೊಬ್ಬಲ್ಲದ ಘನಾಂಶವನ್ನು ಬೇರೆಯಾಗಿ ಲೆಕ್ಕ ಹಾಕಿ ದರ ಕಟ್ಟುವುದು. ಹಾಲು ಬಿಸಿಯಿದ್ದರೂ ಗೆರೆ ಇಳಿಯುತ್ತದೆ ಎಂಬುದನ್ನು ನೆನಪಿಡಿ. ಕರೆದ ಕೂಡಲೇ ಓಡಿಬಂದವರ ಮೇಲೆ ಸುಮ್ಮನೆ ಅನುಮಾನ ಪಡಬಾರದು.

ಅಡುಗೆಮನೆಯಲ್ಲಿ?

ಉಪ್ಪು ಹೆಚ್ಚಾದ ಸಾರಿಗೆ ನೀರು ಹಾಕಿದರೆ ಉಪ್ಪಿನ ಜೊತೆ ಹುಳಿ, ಖಾರ, ಬೇಳೆ ಎಲ್ಲವೂ ತೆಳುವಾಗುತ್ತವೆ. ನೀರಿಗೆ ಪಕ್ಷಪಾತವಿಲ್ಲ. ಹಾಗೆಂದು ತೆಳುವಾದದ್ದೆಲ್ಲ ಸಪ್ಪೆಯಲ್ಲ. ತಂಬುಳಿ, ನೀರ್ಗೊಜ್ಜು, ನೀರುದೋಸೆ, ತಿಳಿಸಾರು ತೆಳ್ಳಗಿರುವುದರಿಂದಲೇ ರುಚಿ. ತಂಬುಳಿ ಗಟ್ಟಿಯಾದರೆ ಅದು ಚಟ್ನಿಯೂ ಅಲ್ಲದ, ಮೊಸರುಗೊಜ್ಜೂ ಅಲ್ಲದ ವಸ್ತುವಾಗುತ್ತದೆ.

ಕಾಫಿಯಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಮೊದಲ ಡಿಕಾಕ್ಷನ್ನಿಗೆ ನೀರು ಸೇರಿಸಿದರೆ ಅದು ಡೈಲ್ಯೂಷನ್. ಫಿಲ್ಟರಿನ ಅದೇ ಪುಡಿಗೆ ಎರಡನೇ ಸಲ ಬಿಸಿನೀರು ಹಾಕಿ ಇಳಿಸಿದ್ದು ಡೈಲ್ಯೂಷನ್ ಅಲ್ಲ; ಅಲ್ಲಿ ಸಾರವೇ ಕಡಿಮೆ ಬಂದಿದೆ, ಬಂದದ್ದರ ಬಗೆಯೂ ಬೇರೆ. ನೆಂಟರಿಗೆ ಮೊದಲನೆಯದು, ಮನೆಯವರಿಗೆ ಎರಡನೆಯದು ಎಂಬ ಪದ್ಧತಿ ನಮ್ಮಲ್ಲಿ ಇನ್ನೂ ಇದೆ.

ಭೇದಿಯಾದಾಗ ಕುಡಿಸುವ ಓಆರ್‌ಎಸ್ ಪೊಟ್ಟಣವನ್ನು ಅಂದಾಜಿನಲ್ಲಿ ಕಲಸಬಹುದೇ?

ಬೇಡ. 20.5 ಗ್ರಾಂನ ಪೊಟ್ಟಣಕ್ಕೆ ಕುದಿಸಿ ಆರಿಸಿದ ನೀರು ಒಂದು ಲೀಟರ್, ಪೂರ್ತಿ ಪೊಟ್ಟಣ ಒಂದೇ ಸಲಕ್ಕೆ. ಸಣ್ಣ ಪೊಟ್ಟಣಗಳೂ ಸಿಗುತ್ತವೆ, ಅದರ ಮೇಲೆ ಬರೆದ ಅಳತೆಯನ್ನೇ ಅನುಸರಿಸಿ. ನೀರು ಕಡಿಮೆಯಾದರೆ ಉಪ್ಪು ಹೆಚ್ಚಿ ಮಗುವಿಗೆ ಅಪಾಯ; ಹೆಚ್ಚಾದರೆ ಕುಡಿಸಿದ್ದು ಪ್ರಯೋಜನಕ್ಕೆ ಬರುವುದಿಲ್ಲ.

ಆಸಿಡ್‌ಗೆ ನೀರೋ, ನೀರಿಗೆ ಆಸಿಡ್ಡೋ?

ಮೊದಲು ನೀರು, ಅದಕ್ಕೆ ಆಸಿಡ್, ಅದೂ ಸ್ವಲ್ಪಸ್ವಲ್ಪವಾಗಿ. ಸಲ್ಫ್ಯೂರಿಕ್ ಆಮ್ಲ ನೀರಿಗೆ ಸೇರುವಾಗ ಭಾರಿ ಶಾಖ ಹುಟ್ಟುತ್ತದೆ. ನೀರು ಹೆಚ್ಚಿದ್ದರೆ ಆ ಶಾಖವನ್ನು ಅದು ನುಂಗಿಕೊಳ್ಳುತ್ತದೆ. ಆಸಿಡ್ಡಿನ ಮೇಲೆ ನೀರು ಸುರಿದರೆ ಆ ನೀರು ಅಲ್ಲೇ ಕುದಿದು ಆಸಿಡ್ಡನ್ನು ಮುಖಕ್ಕೆ ಸಿಡಿಸುತ್ತದೆ.

ಮಳೆಗಾಲದಲ್ಲಿ ಹೊಳೆಗೆ ಕೊಳಚೆ ಸೇರಿದರೆ ತೊಂದರೆ ಇಲ್ಲವಂತೆ, ಹೌದೇ?

‘ತುಂಗಾ ಪಾನ, ಗಂಗಾ ಸ್ನಾನ’ ಎಂದವರು ಈಗಿನ ಚರಂಡಿಗಳನ್ನು ನೋಡಿರಲಿಲ್ಲ. ಆಗುಂಬೆಯ ಕಡೆ ಮಳೆ ಹಿಡಿದಾಗ ತುಂಗೆ ಕೆಂಪಗೆ ಉಕ್ಕಿ ಬರುತ್ತದೆ, ಆಗ ಪೇಟೆಯ ಕೊಳಚೆ ಅದರಲ್ಲಿ ಗುರುತು ಸಿಗದಷ್ಟು ತೆಳುವಾಗುತ್ತದೆ. ಏಪ್ರಿಲ್‌ನಲ್ಲಿ ಬಂಡೆಗಳು ಎದ್ದು ಕಾಣುವಾಗ ಚರಂಡಿ ಮಾತ್ರ ಅಷ್ಟೇ ಹರಿಯುತ್ತಿರುತ್ತದೆ, ಹೊಳೆ ಇರುವುದಿಲ್ಲ. ಕೊಳಚೆಯ ಮೊತ್ತ ಎರಡೂ ಕಾಲಕ್ಕೆ ಒಂದೇ. ನೀರಿನಲ್ಲಿ ಕೊಳೆತು ಹೋಗದ ಸೀಸ, ಪಾದರಸದಂಥ ಲೋಹಗಳಿಗೆ ಮಳೆಗಾಲದ ವಿನಾಯಿತಿಯೂ ಇಲ್ಲ. ತಳದ ಕೆಸರಿನಲ್ಲಿ, ಮೀನಿನ ಮೈಯಲ್ಲಿ ಅವು ಮತ್ತೆ ಒಟ್ಟುಗೂಡುತ್ತವೆ.

ಹೋಮಿಯೋಪಥಿಯಲ್ಲಿ ತೆಳು ಮಾಡಿದಷ್ಟೂ ಶಕ್ತಿ ಹೆಚ್ಚುತ್ತದೆ ಎನ್ನುತ್ತಾರಲ್ಲ?

ಆ ಪದ್ಧತಿಯವರ ನಂಬಿಕೆ ಹಾಗಿದೆ. ಲೆಕ್ಕ ಏನು ಹೇಳುತ್ತದೆಂದರೆ: 30ಸಿ ಎಂದರೆ ನೂರರಲ್ಲಿ ಒಂದು ಪಾಲಾಗಿಸುವ ಕೆಲಸವನ್ನು ಮೂವತ್ತು ಸಲ ಮಾಡುವುದು. ಒಂದರ ಮುಂದೆ ಅರವತ್ತು ಸೊನ್ನೆ. ಯಾವುದೇ ಪದಾರ್ಥದ ಒಂದು ಮೋಲ್‌ನಲ್ಲಿರುವ (ಅಣುಗಳನ್ನು ಎಣಿಸಲು ರಸಾಯನಶಾಸ್ತ್ರದವರು ಬಳಸುವ ಅಳತೆ ಅದು) ಅಣುಗಳಿಗೆ ಇಪ್ಪತ್ಮೂರು ಸೊನ್ನೆ ಸಾಕು. ಹನ್ನೆರಡನೆಯ ಹಂತ ದಾಟುವ ಹೊತ್ತಿಗೆ ಮೂಲ ಪದಾರ್ಥದ ಒಂದು ಅಣುವೂ ಉಳಿದಿರುವ ಸಾಧ್ಯತೆ ಕಡಿಮೆ. ಹುಣಸೆಹಣ್ಣು, ಹೊಳೆ.

ಷೇರು ಮಾರುಕಟ್ಟೆಯ ಸುದ್ದಿಯಲ್ಲಿ ಬರುವ ಡೈಲ್ಯೂಷನ್?

ನಾಲ್ವರು ಸೇರಿ ಅಡಿಕೆ ಸುಲಿಯುವ ಯಂತ್ರ ಮಾಡುವ ಕಂಪನಿ ಕಟ್ಟಿದರು, ತಲಾ 25 ಷೇರು ಎಂದುಕೊಳ್ಳಿ. ಹಣ ಸಾಲದೆ ಐದನೆಯವರಿಗೆ ಹೊಸದಾಗಿ 25 ಷೇರು ಕೊಟ್ಟರು. ಹಳಬರ ಕೈಯಲ್ಲಿ ಈಗಲೂ 25 ಷೇರೇ ಇದೆ, ಆದರೆ ಪಾಲು 25%ನಿಂದ 20%ಕ್ಕೆ ಇಳಿಯಿತು. ಪಾನಕದ ಕೊಡದ ಲೆಕ್ಕವೇ ಇದು. ಒಂದು ವ್ಯತ್ಯಾಸ: ಇಲ್ಲಿ ಸುರಿದದ್ದು ಬರೀ ನೀರಲ್ಲ, ಐದನೆಯವರು ಹಣ ತಂದಿದ್ದಾರೆ. ಸರಿಯಾದ ಬೆಲೆಗೆ ಕೊಟ್ಟಿದ್ದರೆ ಪಾಲು ಕುಗ್ಗಿದರೂ ಅದರ ಮೌಲ್ಯ ಕುಗ್ಗಬೇಕಾಗಿಲ್ಲ. ಕನ್ನಡದಲ್ಲಿ ‘ಪಾಲು ಕುಗ್ಗುವಿಕೆ’ ಎಂದರೆ ಸಾಕು. ‘ಷೇರು ದುರ್ಬಲತೆ’ ಎಂದು ಬರೆದರೆ ಓದುಗರು ಬೆಲೆ ಬಿದ್ದಿದೆ ಎಂದುಕೊಳ್ಳುತ್ತಾರೆ.

ಕಾಯ್ದೆ, ಸಂಸ್ಥೆಗಳ ವಿಷಯದಲ್ಲಿ?

ಇಲ್ಲಿ ‘ದುರ್ಬಲಗೊಳಿಸು’ ತನ್ನ ಸರಿಯಾದ ಜಾಗದಲ್ಲಿದೆ. 2016ರಲ್ಲಿ ರಾಜ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿದಾಗ ಲೋಕಾಯುಕ್ತವನ್ನು ದುರ್ಬಲಗೊಳಿಸಲಾಗಿದೆ ಎಂಬ ಟೀಕೆ ಬಂತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಪಡಿಸಿತು. ಆ ಸುದ್ದಿಯನ್ನು ಯಾರಾದರೂ ‘ಲೋಕಾಯುಕ್ತವನ್ನು ತೆಳುಗೊಳಿಸಲಾಯಿತು’ ಎಂದು ಬರೆದಿದ್ದರೆ ನಗು ಬರುತ್ತಿತ್ತು. ಕಾಯ್ದೆ ಹೆಸರಿಗೆ ಇದ್ದು ಕಲಂಗಳಿಗೆ ಬಲವಿಲ್ಲದಂತಾದರೆ ‘ಹಲ್ಲು ಕಿತ್ತ ಹಾವು’ ಎನ್ನುವುದು ನಮ್ಮ ರೂಢಿ. ಅನುವಾದಕ ಗೆಳೆಯನಿಗೆ ನಾನು ಕೊಟ್ಟ ಸಲಹೆಗಳಲ್ಲಿ ಅವನು ಒಪ್ಪಿಕೊಂಡದ್ದು ಇದೊಂದನ್ನೇ.

ಒಮ್ಮೆ ತೆಳುವಾದದ್ದನ್ನು ಮತ್ತೆ ಗಟ್ಟಿ ಮಾಡಬಹುದೇ?

ನೀರು ಹಾಕುವುದು ಒಂದು ಗಳಿಗೆಯ ಕೆಲಸ. ತೆಗೆಯುವುದಕ್ಕೆ ಸೌದೆ ಬೇಕು, ಹೊತ್ತು ಬೇಕು. ಆಲೆಮನೆಯಲ್ಲಿ ಕಬ್ಬಿನ ಹಾಲು ಜೋನಿ ಬೆಲ್ಲವಾಗುವವರೆಗೆ ಒಲೆಯ ಮುಂದೆ ಕೂತವರನ್ನು ಕೇಳಿ. ಎಲ್ಲವೂ ಹಾಗೆ ಗಟ್ಟಿಯಾಗಿ ಮರಳುವುದಿಲ್ಲ. ಬೋರ್ಡೋ ದ್ರಾವಣವನ್ನಂತೂ ಕುದಿಸಲು ಹೋಗಬೇಡಿ.

ನಮ್ಮ ಮನೆಯಲ್ಲಿ ಎರಡೂ ಒಂದೇ ಹಂಡೆಯಲ್ಲಿ ನಡೆಯುತ್ತದೆ. ಹಸಿ ಅಡಿಕೆ ಬೇಯಿಸಿದ ನೀರು ಬತ್ತಿ ಬತ್ತಿ ಚೊಗರಾಗುತ್ತದೆ. ಅದನ್ನು ಎತ್ತಿಟ್ಟು, ಮುಂದಿನ ಒಬ್ಬೆಗೆ ಹದ ನೋಡಿ ನೀರು ಸೇರಿಸಿ ಮತ್ತೆ ಹಂಡೆಗೆ ಸುರಿಯುತ್ತೇವೆ. ಎಷ್ಟು ನೀರು ಎಂದು ಅಮ್ಮನನ್ನು ಕೇಳಿದರೆ ಅನುಪಾತ ಹೇಳುವುದಿಲ್ಲ. ಸೌಟಿನಲ್ಲಿ ಎತ್ತಿ ಬೆಳಕಿಗೆ ಹಿಡಿದು, ಅಂಚಿನಿಂದ ಇಳಿಯುವ ಎಳೆಯ ಬಣ್ಣ ನೋಡಿ, ‘ಇನ್ನೊಂದು ತಂಬಿಗೆ ಹಾಕು’ ಎನ್ನುತ್ತಾಳೆ.